ಒಂದು ನಿಮಿಷ, ಮೂರು ಬೆರಳು

ಆ ಹಸಿರು ಡಬ್ಬಿಯ ಸ್ಪಂಜಿಗೆ ಬೆರಳು ಒತ್ತಿ ಒತ್ತಿ ಕಾಗದ ಮಗುಚುತ್ತಾಳೆ ಕೌಂಟರಿನ ಹೆಂಗಸು, ಸ್ಪಂಜು ಒಣಗಿ ಎಷ್ಟು ಹೊತ್ತಾಯಿತೋ, ಆದರೂ ಒತ್ತುತ್ತಾಳೆ, ಅಭ್ಯಾಸ, ಕೈ ತನ್ನಷ್ಟಕ್ಕೇ ಹೋಗುತ್ತದೆ, ಅಂಥ ಕೈ ನನಗೆ ಗೊತ್ತು — ಗೋಡೆಯ ಬೋರ್ಡಿನಲ್ಲಿ ಕೆಂಪಾಗಿ ಮೂವತ್ತಾರು, ನನ್ನ ಚೀಟಿ ನಲವತ್ತೊಂದು, ಇನ್ನು ಐದು ಜನ, ಐದು ಜನ ಮುಗಿದರೆ ನಾನು ನರ್ಸಿಂಗ್ ಹುಡುಗಿ, ಜೋಸ್ಲಿನ್, ಬಿ.ಎಸ್ಸಿ. ನರ್ಸಿಂಗ್, ಮೊದಲ ವರ್ಷ, ಬಿಳಿ ಶೂ, ಬಿಳಿ ಕೋಟು, ಮುಗಿಯಿತು ಕಥೆ. ಪಕ್ಕದಲ್ಲಿ ಸ್ಟ್ಯಾನಿ ಮಾಮ್, ಮಮ್ಮಿಯ ಅಣ್ಣ, ಸ್ಟ್ಯಾನಿಸ್ಲಾಸ್ ಅಂತ ಪೂರ್ತಿ ಹೆಸರು ಹಿಡಿದು ಕರೆಯುವುದು ಇಗರ್ಜಿಯ ಪಾದ್ರಿ ಮಾತ್ರ, ಬೆಳಿಗ್ಗೆ ಕಾರ್ಕಳದಿಂದ ಮೊದಲ ಬಸ್ಸಿಗೆ ಬಂದಿದ್ದಾರೆ, ಕೊಡೆಯನ್ನು ಎರಡು ಕಾಲಿನ ನಡುವೆ ನಿಲ್ಲಿಸಿ ಅದರ ಹಿಡಿಯ ಮೇಲೆ ಗಲ್ಲ ಇಟ್ಟು ಕೂತಿದ್ದಾರೆ, ಬಾಯೆ, ನಮ್ಮಲ್ಲಿ ಹೆಣ್ಣುಮಕ್ಕಳನ್ನು ಕರೆಯುವುದೇ ಹಾಗೆ, ಬಾಯೆ ಎಂತಾದ್ರೂ ತಿಂತೀಯಾ, ಬೇಡ ಮಾಮ್, ಒಂದು ಚಾ ಆದ್ರೂ, ಬೇಡ ಮಾಮ್, ಬನ್ಸ್ ಉಂಟಂತೆ ಕ್ಯಾಂಟೀನಿನಲ್ಲಿ, ಅಯ್ಯೋ ನೀವು ಹೋಗಿ ತಿನ್ನಿ ಮಾಮ್, ಇಲ್ಲ ಇಲ್ಲ ನನಗೆ ಎಂತಕ್ಕೆ — ಪಾಪ, ಹಸಿವು ಅವರಿಗೇ, ಹೇಳಲಿಕ್ಕೆ ನಾಚಿಕೆ. ಮಡಿಲಲ್ಲಿ ನೀಲಿ ಬ್ಯಾಗು, ಆಸ್ಪತ್ರೆಗೆ ತಿರುಗಿದ ಬ್ಯಾಗು, ಡ್ಯಾಡಿಗೆ ಬೇರೆ ಸಿಗಲೇ ಇಲ್ಲವಾ, ಮೊಳೆಯಿಂದ ಇಳಿಸಿ ನನ್ನ ಮಾರ್ಕ್ಸ್ ಕಾರ್ಡು, ಟಿ.ಸಿ., ಎಲ್ಲ ಇದರೊಳಗೇ ಹಾಕಿ ಕೊಟ್ಟದ್ದು, ಮುಖ ನೋಡದೆ ಹೇಳಿದ್ದು, ಮಮ್ಮಿಯ ಆಸೆ ಅದು, ಇನ್ನು ನಿನ್ನ ಇಷ್ಟ. ಇಷ್ಟ ಅಂತೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇರುವುದು ಒಂದೇ ಒಂದು, ಇಲ್ಲಿ ಮಣಿಪಾಲದಲ್ಲಿ ಕೊಟ್ಟರೆ ನರ್ಸಿಂಗ್, ನಾಳೆ ಸಂಜೆಯೊಳಗೆ ಮೈಸೂರಿನ ಕಾಲೇಜಿಗೆ ಮುಟ್ಟಿಸಿದರೆ ಜಿಯಾಲಜಿ, ಎರಡು ಕಡೆ ಕೊಡಲಿಕ್ಕೆ ಆಗುವುದಿಲ್ಲ. ನನಗೆ ಬೇಕಾದದ್ದು ಜಿಯಾಲಜಿ, ಸುಳ್ಳು ಹೇಳಿ ಎಂತ ಪ್ರಯೋಜನ, ಮೊದಲಿನಿಂದಲೂ ಅದೇ, ಇವತ್ತೂ ಅದೇ. ಆದರೆ ಮಮ್ಮಿ ಹೋಗಿ ಮೂವತ್ತೆಂಟು ದಿನ ಆಯಿತು, ಮತ್ತು ಅವತ್ತು ನಾನು ಕೈ ಎಳೆದುಕೊಂಡೆನಲ್ಲ, ಅದಕ್ಕೆ ಇಲ್ಲಿ ಬಂದು ಕೂತಿದ್ದೇನೆ.

ಮೂವತ್ತೇಳು. ಎದ್ದ ಹುಡುಗಿಯ ಅಮ್ಮ ಅವಳ ಜಡೆ ಸರಿ ಮಾಡುತ್ತಾಳೆ, ಹೋಗುವಾಗಲೂ ಬಿಡುವುದಿಲ್ಲ, ಹಿಂದಿನಿಂದ ಸರಿ ಮಾಡುತ್ತಲೇ ಹೋಗುತ್ತಾಳೆ, ನನ್ನ ಜಡೆ ಹಾಕಿದ್ದು ಯಾರು, ಮಾಂಯ್, ಅಂದರೆ ಅಜ್ಜಿ, ನಮ್ಮ ಕೊಂಕಣಿಯಲ್ಲಿ ಮಾಂಯ್ ಅಂದರೆ ಅಮ್ಮನೂ ಆಗುತ್ತದೆ, ನಾನು ಅಜ್ಜಿಯನ್ನೇ ಹಾಗೆ ಕರೆದದ್ದು, ಯಾರೂ ಹೇಳಿಕೊಡಲಿಲ್ಲ, ಇನ್ನಂಜೆಯ ಮನೆಯಲ್ಲಿ ಎದುರಿಗೆ ಇದ್ದದ್ದು ಅವಳೇ. ಮಮ್ಮಿ ಕುವೈತಿನಲ್ಲಿ, ನನಗೆ ನಾಲ್ಕು ವರ್ಷ ಆದಾಗ ಹೋದವಳು, ಝೀಟಾ ಸಿಸ್ಟರ್, ದೊಡ್ಡ ಆಸ್ಪತ್ರೆ, ಎರಡು ವರ್ಷಕ್ಕೊಮ್ಮೆ ಒಂದು ತಿಂಗಳು ರಜೆ. ಉಡುಪಿ ಸ್ಟೇಷನ್ನಿನಲ್ಲಿ ರೈಲು ಇಳಿದು ಬರುತ್ತಾಳೆ, ನಾನು ಡ್ಯಾಡಿಯ ಹಿಂದೆ ಅಡಗಿದ್ದೇನೆ, ಬಾಯೆ ಬಾ, ಎಷ್ಟು ದೊಡ್ಡವಳಾಗಿದ್ದಾಳೆ ನೋಡಿ ಮಾರಾಯ್ರೇ, ಅಪ್ಪಿ ಹಿಡಿಯುತ್ತಾಳೆ, ಸೋಪಿನ ಪರಿಮಳ, ಆಮೇಲೆ ಕೈ ಹಿಡಿಯುತ್ತಾಳೆ, ಹಿಡಿದ ಕೈ ಜಾರಿ ಜಾರಿ ನನ್ನ ಮಣಿಕಟ್ಟಿಗೆ ಬರುತ್ತದೆ, ಮೂರು ಬೆರಳು ಹೆಬ್ಬೆರಳಿನ ಬುಡದ ಕೆಳಗೆ ಕೂರುತ್ತವೆ, ಇನ್ನೊಂದು ಕೈ ತಿರುಗುತ್ತದೆ, ಅವಳು ವಾಚನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟುವುದು, ಕೆಂಪು ಸೆಕೆಂಡಿನ ಮುಳ್ಳು — ತುಟಿ ಅಲ್ಲಾಡುವುದಿಲ್ಲ, ಆದರೆ ಎಣಿಸುತ್ತಿದ್ದಾಳೆ, ಪ್ಲಾಟ್‌ಫಾರ್ಮಿನ ಮೇಲೆ, ಎರಡು ವರ್ಷದ ಮೇಲೆ ಮಗಳನ್ನು ಕಂಡವಳು ಪಲ್ಸ್ ಎಣಿಸುತ್ತಿದ್ದಾಳೆ! ಡ್ಯಾಡಿ ನಗುತ್ತಿದ್ದರು, ಝೀಟಾ, ಅದು ಪೇಷೆಂಟ್ ಅಲ್ಲ, ನಿನ್ನ ಮಗಳು, ಅಯ್ಯೋ ಹೌದಲ್ವಾ, ಗೊತ್ತೇ ಆಗಲಿಲ್ಲ, ಬೆರಳು ಹಾಗೇ ಹೋಯ್ತು. ಇಗರ್ಜಿಯಲ್ಲಿ ಪೂಜೆಯ ಹೊತ್ತಿಗೆ, ಬಸ್ಸಿನಲ್ಲಿ, ನಿದ್ದೆಯಲ್ಲೂ. ರಜೆ ಮುಗಿದು ಹೊರಡುವ ದಿನವೂ ಅಷ್ಟೇ, ಅಳುತ್ತಾ ಎಣಿಸುವುದು.

ಜ್ವರ ಬಂದರೆ ಫೋನಿನಲ್ಲೇ ಚಿಕಿತ್ಸೆ, ನನಗೆ ಏಳು ವರ್ಷ, ಮೂರು ಬೆರಳು ಇಡು ಬಾಯೆ, ಅಲ್ಲಿ ಅಲ್ಲ, ಸ್ವಲ್ಪ ಕೆಳಗೆ, ಟಕ್ ಟಕ್ ಸಿಕ್ಕಿತಾ, ಹಾಂ ಈಗ ಮಾಂಯ್ ಗಡಿಯಾರ ನೋಡಿ ಶುರು ಅಂತಾಳೆ, ಒಂದು ನಿಮಿಷ ಎಣಿಸು, ಮಧ್ಯೆ ಮಾತಾಡಬಾರದು — ಮಾಂಯ್ ಅಲಾರಂ ಗಡಿಯಾರ ಹಿಡಿದು ಕೂರುತ್ತಿದ್ದಳು ರೋಸರಿ ಹಿಡಿದ ಹಾಗೆ, ನಾನು ಎಣಿಸುತ್ತಿದ್ದೆ, ಫೋನಿನ ಆ ಕಡೆ ಮಮ್ಮಿಯ ಉಸಿರು, ನೂರ ಹನ್ನೆರಡು ಮಮ್ಮಿ, ಆಗಲಿ, ಗಂಜಿ ಕುಡಿ, ಬಟ್ಟೆ ಒದ್ದೆ ಮಾಡಿ ಹಣೆಗೆ ಹಾಕಲಿಕ್ಕೆ ಹೇಳು. ಒಮ್ಮೆ ಗಡಿಯಾರದ ಬ್ಯಾಟರಿ ಮುಗಿದಿತ್ತು, ಗಡಿಯಾರ ಇಲ್ಲದೆ ಎಣಿಸಲಾ ಅಂತ ಕೇಳಿದೆ, ನಕ್ಕಳು, ಗಡಿಯಾರ ಇಲ್ಲದೆ ಎಣಿಸಿ ಎಂತ ಮಾಡ್ಲಿಕ್ಕುಂಟು ಹೆಣ್ಣೇ, ವಾಚ್ ನೋಡದಿದ್ರೆ ಅದು ಪಲ್ಸ್ ಅಲ್ಲ, ಸುಮ್ನೆ ಕೈ ಹಿಡ್ಕೊಂಡ ಹಾಗೆ ಅಷ್ಟೇ. ಎಂಟನೇ ವರ್ಷಕ್ಕೆ ನಾನು ಬುದ್ಧಿವಂತೆ ಆದೆ, ಜ್ವರ ಇದ್ದದ್ದು ಸ್ವಲ್ಪ, ನೂರ ಎಂಬತ್ತು ಮಮ್ಮಿ ಅಂದೆ, ಅಷ್ಟು ದೊಡ್ಡ ನಂಬರು ಹೇಳಿದರೆ ಬಂದೇ ಬರುತ್ತಾಳೆ, ವಿಮಾನ ಹತ್ತಿ ನಾಳೆಗೆ ಬರುತ್ತಾಳೆ, ಎಷ್ಟು? ಇನ್ನೊಮ್ಮೆ ಎಣಿಸು, ಎಣಿಸಿದೆ ಮಮ್ಮಿ, ನೂರ ಎಂಬತ್ತು, ಫೋನು ಕಟ್. ಮಮ್ಮಿ ಬರಲಿಲ್ಲ. ಒಂದೂವರೆ ಗಂಟೆಯಲ್ಲಿ ಬಂದದ್ದು ಸ್ಟ್ಯಾನಿ ಮಾಮ್, ಕಾರ್ಕಳದಿಂದ ಬೈಕಿನಲ್ಲಿ, ಮಳೆಗೆ ತೊಪ್ಪೆಯಾಗಿ, ನಾನು ಚಕ್ಕುಲಿ ತಿನ್ನುತ್ತಾ ಕೂತಿದ್ದೆ. ಮಾಮ್ ಬೈಯಲಿಲ್ಲ, ಬಾಗಿಲಿನ ಹತ್ತಿರ ಕೂತು ಶೂಸಿನ ನೀರು ಚೆಲ್ಲಿದರು, ಸಾಯಿಸಿದೆಯಲ್ಲ ಮಾರಾಯ್ತಿ ಅಂದರು ಅಷ್ಟೇ. ಆ ಮೇಲೆ ನಾನು ಮಮ್ಮಿಗೆ ಯಾವ ನಂಬರನ್ನೂ ಹೇಳಲಿಲ್ಲ.

ಮೂವತ್ತೆಂಟು — ಮಾಮ್ ನಿದ್ದೆ ಮಾಡುತ್ತಿದ್ದಾರಾ, ಇಲ್ಲ, ನೆಲ ನೋಡುತ್ತಿದ್ದಾರೆ, ಗ್ರಾನೈಟ್ ನೋಡದೆ ಅವರಿಂದ ಕೂರಲಿಕ್ಕೆ ಆಗುವುದಿಲ್ಲ, ಈಗ ಬಗ್ಗಿ ಬೆರಳಿನ ಗೆಣ್ಣಿನಿಂದ ಒಂದು ಕುಟ್ಟು ಕುಟ್ಟುತ್ತಾರೆ ನೋಡಿ, ಹಾಂ, ಕುಟ್ಟಿದರು, ನಮ್ಮ ಕಡೆಯದ್ದಲ್ಲ ಇದು, ಹೊರಗಿನ ಕಲ್ಲು, ಪಾಲಿಶ್ ಮಾತ್ರ ಉಂಟು. ಅವರಿಂದಲೇ ಆದದ್ದು ಇದೆಲ್ಲ, ಕಾರ್ಕಳದ ಕಲ್ಲು ಕೆತ್ತುವ ಶೆಡ್ಡಿನಲ್ಲಿ ಮೂವತ್ತು ವರ್ಷ ಮೇಸ್ತ್ರಿ, ಬೇಸಿಗೆ ರಜೆಗೆ ನಾನು ಹೋದರೆ ಶೆಡ್ಡಿಗೆ ಕರೆದುಕೊಂಡು ಹೋಗುತ್ತಿದ್ದರು, ಕಲ್ಲು ಕುಟ್ಟಿ ಕೇಳಿಸುತ್ತಿದ್ದರು, ಇದು ಗಟ್ಟಿ, ಇದರೊಳಗೆ ಬಿರುಕು ಉಂಟು, ಸ್ವರ ಬೇರೆ ಬರ್ತದೆ ಕೇಳು, ಹೊರಗಿನಿಂದ ನೋಡಿದರೆ ಎರಡೂ ಒಂದೇ. ಸಂಜೆ ಬೆಟ್ಟದ ಬಂಡೆ ಹತ್ತಿ ಕೂರುತ್ತಿದ್ದೆವು, ಇಡೀ ದಿನದ ಬಿಸಿಲು ಬಂಡೆಯಲ್ಲಿ, ಅಂಗೈ ಇಟ್ಟರೆ ಬೆಚ್ಚಗೆ, ಇದು ಎಷ್ಟು ಹಳೆಯದು ಮಾಮ್, ಅದೆಲ್ಲ ನನಗೆ ಗೊತ್ತಿಲ್ಲ ಬಾಯೆ, ಕಲಿತವರು ಹೇಳ್ಬೇಕು. ಆ ಕಲಿತವಳು ನಾನೇ ಆಗುತ್ತೇನೆ ಅಂತ ಅಲ್ಲೇ ಕೂತು ತೀರ್ಮಾನ ಮಾಡಿದ್ದು, ಹನ್ನೊಂದನೇ ವರ್ಷಕ್ಕೆ, ಕಾಪುವಿನ ದೀಪಸ್ತಂಭದ ಬುಡದ ಕರಿಬಂಡೆಯ ಚೂರು, ಹೊಳೆಯ ನುಣುಪು ಕಲ್ಲು, ಎಲ್ಲ ಹೆಕ್ಕಿ ಮಂಚದ ಕೆಳಗೆ ತುಂಬಿದ್ದೆ, ಗುಡಿಸುವಾಗ ಮಾಂಯ್ ದಿನಾ ಬೈಯುತ್ತಿದ್ದಳು. ಕಲ್ಲು ಎಲ್ಲಿಗೂ ಹೋಗುವುದಿಲ್ಲ, ಅದೇ ನನಗೆ ಹಿಡಿಸಿದ್ದು, ಬಿಟ್ಟು ಬಂದ ಜಾಗದಲ್ಲೇ ಇರುತ್ತದೆ. ಮಮ್ಮಿಗೆ ಫೋನಿನಲ್ಲಿ ಹೇಳಿದೆ, ಪಿ.ಯು. ಮುಗಿಸಿ ಜಿಯಾಲಜಿ, ಆ ಕಡೆ ನಗು, ಕಲ್ಲಿಗೆ ಪಲ್ಸ್ ಉಂಟಾ ಬಾಯೆ? ನಗು ಮುಗಿದ ಮೇಲೆ ಅದೇ ಪಾಠ, ನರ್ಸಿಂಗ್ ಕಲಿತರೆ ಲೋಕದಲ್ಲಿ ಎಲ್ಲಿಗೆ ಹೋದ್ರೂ ಊಟ ಉಂಟು, ಯಾರ ಕಾಲೂ ಹಿಡಿಯುವುದು ಬೇಡ, ನನ್ನನ್ನೇ ನೋಡು. ನಿನ್ನನ್ನೇ ನೋಡಿದ್ದು ಮಮ್ಮಿ, ಎರಡು ವರ್ಷಕ್ಕೊಮ್ಮೆ ನೋಡಿದ್ದು, ನಿನ್ನ ಹಾಗೆ ನಾನು ಆಗುವುದಿಲ್ಲ, ಊರಿನವರ ಜ್ವರ ನೋಡ್ತಾ ಸ್ವಂತ ಮಗಳ ಜ್ವರ ಫೋನಿನಲ್ಲಿ ಕೇಳುವವಳು ನಾನು ಆಗುವುದಿಲ್ಲ — ಹೇಳಿಬಿಟ್ಟೆ. ಹೇಳಬಾರದಿತ್ತು. ಆ ಕಡೆ ಯಾರೋ ಸಿಸ್ಟರ್ ಸಿಸ್ಟರ್ ಅಂತ ಕರೆದರು, ಬಂದೆ ಅಂದಳು, ನನಗೋ ಅವರಿಗೋ ಗೊತ್ತಾಗಲಿಲ್ಲ, ಫೋನು ಇಟ್ಟಳು.

ಜನವರಿಯಲ್ಲಿ ಬಂದಳು, ರಜೆಯ ಸಮಯ ಅಲ್ಲ, ಎಂತ ಮಮ್ಮಿ, ಲಾಂಗ್ ಲೀವ್ ಸಿಕ್ಕಿತು, ನಿನ್ನ ಪರೀಕ್ಷೆ ಅಲ್ವಾ, ಜೊತೆಗೆ ಇರ್ತೇನೆ. ತೆಳ್ಳಗಾಗಿದ್ದಳು, ಡಯಟ್ ಅಂದಳು, ನಾನು ನಂಬಿದೆ, ಎಂಥ ಗುಗ್ಗು ನಾನು, ಬಯಾಲಜಿಯಲ್ಲಿ ತೊಂಬತ್ತಾರು ತೆಗೆದ ಗುಗ್ಗು. ಬೆಳಿಗ್ಗೆ ಐದಕ್ಕೆ ಎದ್ದು ನನಗೆ ಕಾಫಿ ಮಾಡುತ್ತಾಳೆ, ಓದುವಾಗ ಪಕ್ಕದಲ್ಲಿ ಕೂರುತ್ತಾಳೆ, ಪುಸ್ತಕ ಹಿಡಿದ ನನ್ನ ಕೈಗೆ ಮೂರು ಬೆರಳು ಬರುತ್ತವೆ, ಮಮ್ಮಿ ಪ್ಲೀಸ್, ಸಾರಿ ಸಾರಿ, ಎದ್ದು ಹಿತ್ತಿಲಿಗೆ ಹೋಗುತ್ತಾಳೆ, ಹಿತ್ತಿಲಲ್ಲಿ ವಾಂತಿ ಮಾಡುತ್ತಿದ್ದಳಂತೆ, ಟ್ಯಾಪ್ ಜೋರಾಗಿ ಬಿಟ್ಟುಕೊಂಡು, ಡ್ಯಾಡಿಗೆ ಗೊತ್ತು, ಮಾಮ್‌ಗೆ ಗೊತ್ತು, ಮಾಂಯ್‌ಗೂ ಗೊತ್ತು, ನನಗೊಬ್ಬಳಿಗೆ ಹೇಳಬಾರದು ಅಂತ ಎಲ್ಲರ ಹತ್ತಿರ ಆಣೆ ಹಾಕಿಸಿದ್ದಳು, ಕೊನೆಯ ಪೇಪರ್ ಮುಗಿಯುವ ತನಕ. ಕೊನೆಯ ಪೇಪರ್ ಮುಗಿಸಿ ಬಂದೆ, ಊಟ ಮಾಡು ಅಂದಳು, ಊಟ ಆದ ಮೇಲೆ ಹೇಳಿದಳು, ಪೇಷೆಂಟಿನ ಮನೆಯವರಿಗೆ ಹೇಳುವ ಹಾಗೆ, ನಿಧಾನಕ್ಕೆ, ಹೊಟ್ಟೆಯಲ್ಲಿ ಶುರುವಾಗಿ ಲಿವರಿಗೆ ಹೋಗಿದೆ, ಇಷ್ಟು ತಿಂಗಳು ಅಂತ ಹೇಳ್ಲಿಕ್ಕೆ ಆಗುದಿಲ್ಲ, ನೀನು ಗಟ್ಟಿ ಇರ್ಬೇಕು. ನಾನು ಅಳಲಿಲ್ಲ, ಸಿಟ್ಟು ಬಂತು, ನನ್ನ ಒಂದು ಪರೀಕ್ಷೆಗೋಸ್ಕರ ಮೂರು ತಿಂಗಳು ನನ್ನಿಂದ ಕಿತ್ತುಕೊಂಡಳು ಅಂತ, ಆ ಮೂರು ತಿಂಗಳಲ್ಲಿ ನಾನು ಅವಳಿಗೆ ಎಷ್ಟು ಸಲ ಪ್ಲೀಸ್ ಮಮ್ಮಿ ಸ್ವಲ್ಪ ಆಚೆ ಕೂತುಕೋ ಅಂದಿದ್ದೆ ದೇವರಿಗೇ ಗೊತ್ತು. ಆಸ್ಪತ್ರೆಯ ಮಂಚದಲ್ಲಿ ಕೂತು ನರ್ಸಿಂಗ್ ಅರ್ಜಿ ಅವಳೇ ತುಂಬಿದ್ದು, ಆ ಉರುಟು ಅಕ್ಷರ, ಡ್ರಿಪ್ ಹಾಕಿದ ಕೈ, ಸಹಿ ಮಾಡು ಬಾಯೆ, ಮೈಸೂರಿಗೂ ಹಾಕಿದ್ದೇನೆ ಮಮ್ಮಿ, ಹಾಕು, ಯಾರು ಬೇಡ ಅಂದ್ರು, ಇದಕ್ಕೂ ಸಹಿ ಮಾಡು. ಮಾಡಿದೆ. ನಾನು ಒಪ್ಪಿದೆ ಅಂತ ಅವಳು ತಿಳಿದುಕೊಂಡಳಾ, ಇಲ್ಲ, ಅವಳು ದಡ್ಡಿ ಅಲ್ಲ, ನನ್ನ ಮುಖ ಓದಲಿಕ್ಕೆ ಅವಳಿಗೆ ವಾಚ್ ಬೇಕಾಗಿರಲಿಲ್ಲ.

ಮೂವತ್ತೊಂಬತ್ತು, ನಲವತ್ತು ಒಟ್ಟಿಗೇ ಹೋಯಿತು, ಅಕ್ಕ ತಂಗಿ ಇರಬೇಕು — ಮತ್ತೆ ಆ ದಿನ. ಬೇಡ ಅಂದರೂ ಬರುತ್ತದೆ. ಬೆಳಿಗ್ಗೆ ಸ್ಕ್ಯಾನಿಗೆ ಕರೆದುಕೊಂಡು ಹೋಗುವ ಗಡಿಬಿಡಿ, ಅದೇ ಹೊತ್ತಿಗೆ ನನಗೆ ಮೈಸೂರಿನಿಂದ ಫೋನು, ನಿಮಗೆ ಜಿಯಾಲಜಿ ಸೀಟಾಗಿದೆ, ಕಾರಿಡಾರಿನಲ್ಲಿ ಒಂದು ಕಿವಿ ಮುಚ್ಚಿಕೊಂಡು ಮಾತಾಡುತ್ತಿದ್ದೇನೆ, ವಾರ್ಡಿನ ನರ್ಸ್ ಶರೋನ್ ಸಿಸ್ಟರ್ ಬಂದು ಎಂತದೋ ಕೈಗೆ ಕೊಟ್ಟರು, ತಲೆಯಾಡಿಸಿ ಬ್ಯಾಗಿಗೆ ಹಾಕಿದೆ, ಏನೋ ಬಿಲ್ಲೋ ರಿಪೋರ್ಟೋ, ಕೊನೆಯ ದಿನಾಂಕ ಯಾವಾಗ ಸರ್, ಒರಿಜಿನಲ್ ತರಬೇಕಾ ಸರ್. ಸಂಜೆ ನಾಲ್ಕು ಗಂಟೆ. ಮೂರು ದಿನದಿಂದ ನಾನು ಸರಿ ನಿದ್ದೆ ಮಾಡಿಲ್ಲ, ಸೀಟಿನ ವಿಷಯ ಅವಳಿಗೆ ಹೇಳಬೇಕು, ಹೇಗೆ ಹೇಳುವುದು ಅಂತ ಮಂಚದ ಪಕ್ಕ ಕೂತಿದ್ದೇನೆ, ಅವಳು ಕಣ್ಣು ಮುಚ್ಚಿದ್ದಾಳೆ, ಬೆಡ್‌ಶೀಟಿನ ಅಡಿಯಿಂದ ಕೈ ಬಂತು, ಬಂದು ನನ್ನ ಕೈ ಹಿಡಿಯಿತು, ಜಾರಿ ಮಣಿಕಟ್ಟಿಗೆ, ಮೂರು ಬೆರಳು, ಒಣಗಿದ ತಣ್ಣಗಿನ ಬೆರಳು — ಸಾಯುವಾಗಲೂ! ಈಗಲೂ! ಎಲ್ಲಿಂದ ಬಂತೋ ಆ ಸಿಟ್ಟು, ಹದಿನಾಲ್ಕು ವರ್ಷದ್ದು ಒಟ್ಟಿಗೇ ಬಂತು, ಸರಕ್ಕನೆ ಕೈ ಎಳೆದುಕೊಂಡೆ, ನನ್ನದು ಎಣಿಸಬೇಡ ಮಮ್ಮಿ, ನಾನು ನಿನ್ನ ಪೇಷೆಂಟ್ ಅಲ್ಲ. ಕಣ್ಣು ತೆರೆದಳು. ಇಲ್ಲ ಬಾಯೆ, ಎಣಿಸುದಿಲ್ಲ. ಅಷ್ಟೇ ಹೇಳಿದ್ದು. ಬೆರಳು ಹಾಗೇ ಹಾಸಿಗೆಯ ಮೇಲೆ ಅರ್ಧ ಮಡಚಿಕೊಂಡಿತ್ತು, ನಾನು ಎದ್ದು ಕ್ಯಾಂಟೀನಿಗೆ ಹೋದೆ, ಚಾ ಕುಡಿದೆ, ಹೌದು, ಚಾ ಕುಡಿದೆ, ಬಂದು ನೋಡುವಾಗ ಮಂಚ ಖಾಲಿ, ಐ.ಸಿ.ಯು.ಗೆ ತೆಗೆದುಕೊಂಡು ಹೋಗಿದ್ದಾರೆ, ಬಾಯಿಗೆ ಟ್ಯೂಬು, ಮತ್ತೆ ಮಾತು ಇಲ್ಲ, ಎರಡು ದಿನ, ಮುಗಿಯಿತು. ಪೆಟ್ಟಿಗೆಯಲ್ಲಿ ಮಲಗಿಸಿದಾಗ ರೋಸರಿ ಸುತ್ತಿದ ಕೈ, ಎಡಗೈಯ ಮಣಿಕಟ್ಟಿನಲ್ಲಿ ವಾಚಿನ ಜಾಗ ಬೆಳ್ಳಗೆ, ಒಂದು ಬಿಳಿ ಪಟ್ಟಿ, ವಾಚ್ ಎಲ್ಲಿ ಅಂತ ಮಾಂಯ್ ಕೇಳಿದಳು, ಐ.ಸಿ.ಯು.ನಲ್ಲಿ ಬಿಚ್ಚಿರಬೇಕು, ಗಡಿಬಿಡಿಯಲ್ಲಿ ಎಲ್ಲಿಗೆ ಹೋಯಿತೋ, ಇನ್ನು ಕೇಳಿ ಎಂತ ಅಂದರು ಮಾಮ್. ಆ ಬಿಳಿ ಪಟ್ಟಿಯ ಮೇಲೆ ನಾನು ಮೂರು ಬೆರಳು ಇಡಬೇಕು ಅಂದುಕೊಂಡೆ, ಇಡಲಿಲ್ಲ, ಜನ ಇದ್ದರು.

ಬಾಯೆ, ನಮ್ಮದು, ನಲವತ್ತೊಂದು, ಏಳು ಏಳು — ಮಾಮ್ ಕೊಡೆ ಬೀಳಿಸಿದರು, ಕೌಂಟರಿನ ಹೆಂಗಸು ತಲೆ ಎತ್ತಲಿಲ್ಲ, ಅರ್ಜಿ ಮಗುಚಿದಳು, ಮಮ್ಮಿಯ ಉರುಟು ಅಕ್ಷರ ತಲೆಕೆಳಗಾಗಿ ಕಾಣುತ್ತದೆ, ಜೋಸ್ಲಿನ್ ಅಲ್ವಾ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಿ, ಟಿ.ಸಿ. ಕೊಡಿ, ಎರಡು ಫೋಟೊ. ಕೊಟ್ಟೆ, ಕಾರ್ಡು ಕೊಟ್ಟೆ, ಮೇಜಿನ ಮೇಲೆ ಇಟ್ಟು ಅದರ ಮೇಲೆ ಕೈ ಇಟ್ಟಿದ್ದೇನೆ, ಫೋಟೊ ಎಲ್ಲಿ, ಡ್ಯಾಡಿ ಎಲ್ಲಿ ಹಾಕಿದರು, ಬ್ಯಾಗಿನ ಬದಿಯ ಜಿಪ್ಪು, ಇದರೊಳಗೆ ಇರಬಹುದು, ಒಂದು ಕಂದು ಕವರ್, ಭಾರ ಉಂಟು, ಫೋಟೊ ಅಲ್ಲ. ಬಗ್ಗಿಸಿದೆ. ಅಂಗೈಗೆ ಬಿತ್ತು. ಸಣ್ಣ ವಾಚು, ಚರ್ಮದ ಬೆಲ್ಟು, ಕೆಂಪು ಮುಳ್ಳು ತಿರುಗುತ್ತಲೇ ಉಂಟು. ಕವರಿನ ಮೇಲೆ ನೀಲಿ ಪೆನ್ನಿನಲ್ಲಿ ಶರೋನ್ ಸಿಸ್ಟರ್ ಬರೆದದ್ದು, ಝೀಟಾ, ವಾಚ್ ಒಂದು, ಮಗಳ ಕೈಗೆ ಕೊಟ್ಟದ್ದು, ಬೆಳಿಗ್ಗೆ ಹನ್ನೊಂದು ಇಪ್ಪತ್ತು, ಕೆಳಗೆ ತಾರೀಕು, ಆ ದಿನದ ತಾರೀಕು — ಸ್ಕ್ಯಾನಿಗೆ ಹೋಗುವಾಗ ಬಿಚ್ಚಿ ಕೊಟ್ಟದ್ದು, ನಾನು ಮೈಸೂರಿನವರ ಹತ್ತಿರ ಮಾತಾಡುತ್ತಾ ತಲೆಯಾಡಿಸಿ ಹಾಕಿಕೊಂಡದ್ದು, ಬೆಳಿಗ್ಗೆ, ಬೆಳಿಗ್ಗೆಯೇ, ಹಾಗಾದರೆ ಸಂಜೆ ನಾಲ್ಕಕ್ಕೆ ಅವಳ ಕೈಯಲ್ಲಿ ವಾಚ್ ಇರಲಿಲ್ಲ. ವಾಚ್ ನನ್ನ ಬ್ಯಾಗಿನಲ್ಲಿತ್ತು, ನನ್ನ ಕಾಲಿನ ಹತ್ತಿರ. ಅವಳು ಕಣ್ಣು ಮುಚ್ಚಿದ್ದಳು. ಇಲ್ಲ ಬಾಯೆ, ಎಣಿಸುದಿಲ್ಲ. ವಾಚ್ ನೋಡದಿದ್ರೆ ಅದು ಪಲ್ಸ್ ಅಲ್ಲ ಹೆಣ್ಣೇ, ಸುಮ್ನೆ ಕೈ ಹಿಡ್ಕೊಂಡ ಹಾಗೆ — ಅಯ್ಯೋ ದೇವರೇ. ಅಯ್ಯೋ ಮಮ್ಮಿ.

ಫೋಟೊ ಇಲ್ಲದಿದ್ದರೆ ನಾಳೆ ಕೊಡಿ, ಕಾರ್ಡು ಬಿಡಿ ಅಂತಾಳೆ ಹೆಂಗಸು, ಕಾರ್ಡಿನ ಆ ಕಡೆಯ ಅಂಚು ಅವಳ ಕೈಯಲ್ಲಿ ಉಂಟು, ಈ ಕಡೆಯದ್ದು ನನ್ನ ಕೈಯಲ್ಲಿ, ಬಿಡಿಯಮ್ಮಾ, ಬಿಟ್ಟರಲ್ವಾ ನಾನು ತಗೊಳ್ಳುವುದು, ಹಿಂದೆ ಜನ ಕಾಯ್ತಾ ಇದ್ದಾರೆ. ಬಿಟ್ಟರೆ ಆಯಿತು, ನಾಲ್ಕು ವರ್ಷ, ಬಿಳಿ ಶೂ, ಮಮ್ಮಿಯ ಆಸೆ, ಅವತ್ತಿನ ತಪ್ಪಿಗೆ ಇದು ಅಂತ ನಾನೇ ಮಾಡಿಕೊಂಡ ತೀರ್ಮಾನ, ಆದರೆ ಅವತ್ತು ಅವಳು ನರ್ಸ್ ಆಗಿ ಹಿಡಿದದ್ದೇ ಅಲ್ಲವಲ್ಲ, ಒಂದೇ ಒಂದು ಸಲ, ಹದಿನಾಲ್ಕು ವರ್ಷದಲ್ಲಿ ಒಂದು ಸಲ ಬರೀ ಮಮ್ಮಿಯಾಗಿ ಹಿಡಿದದ್ದು, ಏನೂ ಕೇಳಲಿಲ್ಲ, ನರ್ಸಿಂಗ್ ಅನ್ನಲಿಲ್ಲ, ನಾಲ್ಕು ವರ್ಷ ಅಲ್ಲ ನಲವತ್ತು ವರ್ಷ ನಾನು ಲೋಕದವರ ಕೈ ಹಿಡಿದು ಎಣಿಸಿದರೂ ಆ ಒಂದು ಸಲ ತಿರುಗಿ ಬರುವುದಿಲ್ಲ. ಇಲ್ಲ ಮೇಡಂ, ಅಂದದ್ದು ನನ್ನ ಬಾಯಿಯೇ, ಎಂತ ಇಲ್ಲ, ನನಗೆ ಸೀಟು ಬೇಡ, ಕಾರ್ಡು ಕೊಡಿ, ನಾನು ಮೈಸೂರಿಗೆ ಹೋಗ್ತೇನೆ, ಮಾಮ್ ಹಿಂದಿನಿಂದ ಬಾಯೆ, ಬಾಯೆ, ಒಂದು ನಿಮಿಷ ಆಲೋಚನೆ ಮಾಡು ಅನ್ನುತ್ತಾರೆ, ಒಂದು ನಿಮಿಷ, ಮುಳ್ಳು ತಿರುಗುತ್ತದೆ — ಸರಕ್ಕನೆ ಎಳೆದುಕೊಂಡೆ. ಕಾರ್ಡು ನನ್ನ ಕೈಯಲ್ಲಿ. ಅರ್ಜಿ ತುಂಬಿದ್ದು ಮಮ್ಮಿಯ ಕೈ, ಆ ಕೈಯಿಂದ ಎಳೆದುಕೊಂಡೆ, ಮತ್ತೊಮ್ಮೆ. ಕೌಂಟರಿನ ಮೇಲೆ ಆ ಹೆಂಗಸಿನ ಕೈ ಖಾಲಿ, ಬೆರಳು ಅರ್ಧ ಮಡಚಿಕೊಂಡು — ಹಾಸಿಗೆಯ ಮೇಲೆ ಅರ್ಧ ಮಡಚಿಕೊಂಡ ಮೂರು ಬೆರಳು, ಮುಚ್ಚಿದ ಕಣ್ಣು, ಎಡಗೈಯಲ್ಲಿ ವಾಚಿನ ಜಾಗ, ಬಿಳಿ ಪಟ್ಟಿ, ವಾಚ್ ಇಲ್ಲ, ಮೂರು ಬೆರಳು, ಬಿಳಿ ಪಟ್ಟಿ, ವಾಚ್ ಇಲ್ಲ, ವಾಚ್ ಇರಲಿಲ್ಲ.